ಗುಡಿಸದೆ ಬಿಟ್ಟ ಆರು ದಿನ

ನಾವು ಈ ಮನೆಗೆ ಬಂದು ಮೂರು ವಾರವಾಗಿತ್ತಷ್ಟೆ. ಒಂದು ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ನಾನು ಸರಪಳಿ ಬಿಡಿಸದೆ, ನಾಲ್ಕು ಬೆರಳು ತೂರುವಷ್ಟು ಮಾತ್ರ ಬಾಗಿಲು ತೆರೆದೆ. ಹೊರಗೆ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ತಲೆಗೆ ಬಿಗಿದ ಬಟ್ಟೆ, ಕಂಕುಳಲ್ಲಿ ಉದ್ದದ ಕಡ್ಡಿ ಪೊರಕೆ, ಅಂಗೈ ಮೇಲೆ ಹಳದಿ ಬಣ್ಣದ ಒಂದು ಪುಟ್ಟ ಶೂ.

"ನಿಮ್ಮ ಮಗೂದು," ಎಂದರು.

ಹೌದು, ನನ್ನ ಮಗಳದೇ. ಹಿಂದಿನ ಸಂಜೆಯಿಂದ ಅದಕ್ಕಾಗಿ ಮಂಚದ ಕೆಳಗೆಲ್ಲ ತಡಕಾಡಿ ಸಾಕಾಗಿತ್ತು. ಆದರೆ ಖುಷಿಯಾಗುವ ಬದಲು ನನಗೆ ಗಾಬರಿಯಾಯಿತು. ಆರು ಬ್ಲಾಕು, ನೂರ ನಲವತ್ತನಾಲ್ಕು ಮನೆಗಳ ಕಾಲೊನಿ ಇದು. ನಮ್ಮ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಅಂಥದ್ದರಲ್ಲಿ ಈ ಶೂ ನಾಲ್ಕನೇ ಮಹಡಿಯ ಈ ಮನೆಯದ್ದೇ ಎಂದು ಇವರಿಗೆ ಹೇಗೆ ಗೊತ್ತಾಯಿತು? ನನ್ನ ಮಗುವಿನ ಮೇಲೆ ಯಾರಾದರೂ ಕಣ್ಣಿಟ್ಟಿದ್ದಾರೆಯೇ?

ಕೇಳಿಯೇಬಿಟ್ಟೆ.

"ಅಂಗಳದ ಕಟ್ಟೆಯ ತಗ್ಗಿನ ಕಡೆ ಬಿದ್ದಿತ್ತು. ಪಕ್ಕದಲ್ಲೇ ದ್ರಾಕ್ಷಿ ಸಿಪ್ಪೆ. ನೀವು ಬಾಗಿಲಾಚೆ ಇಡೋ ಕಸದ ಬುಟ್ಟೀಲೂ ದಿನಾ ಅದೇ ಸಿಪ್ಪೆ. ದ್ರಾಕ್ಷೀನೂ ಸುಲಿದು ಮಗೂಗೆ ತಿನ್ಸೋರು ಈ ಆರು ಬ್ಲಾಕಲ್ಲಿ ನೀವೊಬ್ರೇ ಅಮ್ಮ."

ಒಳಗಿನಿಂದ ನಮ್ಮ ಮನೆಯವರು ಗೊಳ್ಳೆಂದು ನಕ್ಕರು. "ಮೂರೇ ವಾರಕ್ಕೆ ನಿನ್ನ ಕೀರ್ತಿ ಕಾಲೊನಿ ತುಂಬಾ ಹರಡಿತಲ್ಲೇ!"

ನನಗೆ ನಗು ಬರಲಿಲ್ಲ. ಸಿಪ್ಪೆ ಮಗುವಿನ ಗಂಟಲಿಗೆ ಅಂಟಿಕೊಂಡರೆ ಏನಾಗುತ್ತದೆ ಎಂದು ಓದಿದವಳು ನಾನು. ಓದಬಾರದ್ದನ್ನೆಲ್ಲ ಓದಿ ತಲೆಯಲ್ಲಿ ತುಂಬಿಕೊಂಡವಳು. ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿ, ಶೂವನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದೆ.

ಅವರೇ ಚೊಕ್ಕಕ್ಕ. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಆದರೆ ಗುಡಿಸಿ ಮುಗಿಸಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು, ಎದುರಿಗೆ ಯಾರಾದರೂ ಇರಲಿ ಬಿಡಲಿ, "ಚೊಕ್ಕ ಆಯ್ತು" ಎಂದು ಹೇಳಿಯೇ ಮುಂದಕ್ಕೆ ಹೆಜ್ಜೆಯಿಡುವುದು ಅವರ ರೂಢಿ. ಅದಕ್ಕೇ ಯಾರೋ ಇಟ್ಟ ಅಡ್ಡಹೆಸರು ಗಟ್ಟಿಯಾಗಿ ನಿಂತುಬಿಟ್ಟಿದೆ. ನನ್ನ ಮಗಳು ಮಾತ್ರ ಪೊರಕೆ ಅಜ್ಜಿ ಎನ್ನುತ್ತಾಳೆ. "ಅಜ್ಜಿ ಗಿಜ್ಜಿ ಅನ್ನಬೇಡ ಕಣೇ, ನೋಡಿಲ್ಲಿ, ಹಲ್ಲೆಲ್ಲ ಇದಾವೆ," ಎಂದು ಅವರು ಬಾಯಿ ತೆರೆದು ತೋರಿಸುತ್ತಾರೆ. ಇವಳು ಎಣಿಸಲು ಬೆರಳು ಹಾಕಲು ಹೋಗುತ್ತಾಳೆ. ನಾನು ಓಡುತ್ತೇನೆ.

ಮೊದಮೊದಲು ನನಗೂ ಅವರ ಬಗ್ಗೆ ತಿಳಿಯದೆ ಬಾಯಿ ಜಾರಿತ್ತು. ಒಂದು ದಿನ ಫೋನಿನಲ್ಲಿ ಮಾತಾಡುತ್ತಾ "ಒಂದು ನಿಮಿಷ, ಕಸದವಳು ಬಂದಿದ್ದಾಳೆ" ಎಂದೆ. ಬುಟ್ಟಿ ಕೈಗೆತ್ತಿಕೊಂಡವರು ಅಲ್ಲೇ ನಿಂತರು. ಸಿಟ್ಟಿರಲಿಲ್ಲ. ತಪ್ಪು ವಿಳಾಸಕ್ಕೆ ಬಂದವರನ್ನು ತಿದ್ದುವ ಹಾಗೆ ಹೇಳಿದರು: "ಕಸದೋಳು ಅನ್ನಬೇಡಿ ಅಮ್ಮ. ಕಸ ನಿಮ್ದು. ನಾನು ಗುಡಿಸೋಳು."

ಅವರು ಈ ಜಾಗಕ್ಕೆ ಬಂದಾಗ ಇಲ್ಲಿ ಕಾಲೊನಿ ಇರಲಿಲ್ಲ, ಗುಂಡಿಗಳಿದ್ದವು. ಮರಳು ಹೊರುವ ಕೂಲಿಗೆ ಬಂದವರು. ಮೂರು ವರ್ಷದ ಮಗಳನ್ನು ಮರಳ ರಾಶಿಯ ನೆರಳಿನ ಮಗ್ಗುಲಲ್ಲಿ ಮಲಗಿಸಿ ಆರು ಬ್ಲಾಕಿಗೂ ಇಟ್ಟಿಗೆ ಹೊತ್ತರು. ಕೆಲಸ ಮುಗಿದಾಗ ಜೊತೆಯವರೆಲ್ಲ ಬೇರೆ ಕಟ್ಟಡ ಹುಡುಕಿಕೊಂಡು ಹೋದರು. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು ಎಂದು ಇವರು ಪೊರಕೆ ಹಿಡಿದು ಉಳಿದುಕೊಂಡರು. ಪಂಪ್‌ಹೌಸಿನ ಪಕ್ಕದ ಒಂಟಿ ಕೋಣೆಯೇ ಇವತ್ತಿಗೂ ಅವರ ಮನೆ. ಮಗಳು ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಆ ವಿಷಯ ಬಂದರೆ ಚೊಕ್ಕಕ್ಕನ ಬೆನ್ನು ನೆಟ್ಟಗಾಗುತ್ತದೆ. "ನಮ್ಮ ಮನೇಲಿ ಇಬ್ಬರದ್ದೂ ಒಂದೇ ಕೆಲಸ. ಅವಳು ರಕ್ತ ನೋಡಿ ಒಳಗೇನಾಗಿದೆ ಹೇಳ್ತಾಳೆ. ನಾನು ಕಸ ನೋಡಿ ಹೊರಗೇನಾಗಿದೆ ಹೇಳ್ತೀನಿ."

ಇದು ಬರೀ ಬಾಯಿಮಾತಲ್ಲ ಎಂದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಆರು ಬ್ಲಾಕುಗಳ ನಡುವೆ ಒಂದು ಅಂಗಳವಿದೆ. ಕಟ್ಟಿದವರು ಅದರ ಮಧ್ಯೆ ಕಾರಂಜಿ ಮಾಡುತ್ತೇವೆಂದು ದುಂಡಗಿನ ಕಟ್ಟೆ ಎಬ್ಬಿಸಿದ್ದರು. ಕಾರಂಜಿಗೆ ನೀರು ಬರಲೇ ಇಲ್ಲ. ಕಟ್ಟೆ ಉಳಿಯಿತು. ಅದೂ ಸೊಟ್ಟ. "ಕೊನೇ ದಿನ ಮೇಸ್ತ್ರಿಗೆ ಊರಿಗೆ ಹೋಗೋ ಅವಸರ. ಒಂದು ಕಡೆ ಎರಡು ವರಸೆ ಇಟ್ಟಿಗೆ ಕಮ್ಮಿ ಇಟ್ಟ. ನಾನೇ ಹೊತ್ಕೊಂಡು ನಿಂತಿದ್ದೆ, ಬೇಡ ಅಂದ. ಆ ಎರಡು ವರಸೆ ಇವತ್ತು ಮಕ್ಕಳಿಗೆ ಆಯ್ತು ನೋಡಿ," ಎನ್ನುತ್ತಾರೆ ಚೊಕ್ಕಕ್ಕ. ಮೊಣಕಾಲು ನೋವಿನ ಹಿರಿಯರು ಎತ್ತರದ ಕಡೆ ಕೂರುತ್ತಾರೆ. ಕಾಲು ನೆಲಕ್ಕೆ ಎಟುಕದ ಮಕ್ಕಳು ತಗ್ಗಿನ ಕಡೆ.

ಆ ಅಂಗಳ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ವೇಷ ಹಾಕಿದೆ ಎಂದು ಅವರ ಬಾಯಲ್ಲೇ ಕೇಳಬೇಕು. ಮೊದಲು ಬರೀ ಮಣ್ಣು. ಆಮೇಲೆ ಬಟ್ಟೆ ಒಣಗಿಸುವ ತಂತಿಗಳು. ಆಮೇಲೆ ಹಾಳುಬಿದ್ದ ಸ್ಕೂಟರುಗಳ ಸಾಲು. ಮಧ್ಯೆ ಒಮ್ಮೆ ಕಬ್ಬಿಣದ ಬೆಂಚು ಬಂದವು, ಹೊರಗಿನವರು ಬಂದು ಕೂರುತ್ತಾರೆ ಎಂದು ಆರೇ ತಿಂಗಳಿಗೆ ಕಿತ್ತರು. ಹೊರಗಿನವರು ಎಂದರೆ ಆರನೇ ಬ್ಲಾಕಿಗೆ ಹೊಸದಾಗಿ ಬಾಡಿಗೆಗೆ ಬಂದವರು. ಮೊದಲಿದ್ದವರಲ್ಲಿ ಕೆಲವರು ಮನೆ ಮಾರಿ ಹೋದರು, ಎಲ್ಲೆಲ್ಲಿಂದಲೋ ಜನ ಬಂದರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಕಟ್ಟೆಗಾಗಿ ಜಗಳಗಳೂ ಆದವು, ಬಾಯಿಗೆ ಬಾಯಿ, ಒಮ್ಮೆ ಬಕೆಟ್ಟಿಗೆ ಬಕೆಟ್ಟು. ಬರುಬರುತ್ತಾ ಯಾರೂ ಯಾರಿಗೂ ಹೇಳದೆ ಒಂದು ವ್ಯವಸ್ಥೆಯಾಯಿತು.

"ಜಗಳ ಆಡಿ ಜಾಗ ಹಂಚ್ಕೊಳ್ಳೋಕಾಗ್ಲಿಲ್ಲ. ಸುಮ್ಮನಿದ್ದು ಹೊತ್ತು ಹಂಚ್ಕೊಂಡ್ರು," ಎಂದಿದ್ದರು ಚೊಕ್ಕಕ್ಕ.

ಆ ಹಂಚಿಕೆ ಗೊತ್ತಿದ್ದದ್ದು ಅವರೊಬ್ಬರಿಗೇ, ಅದೂ ಅವರು ಗುಡಿಸುವ ರೀತಿಯಿಂದ. ದಿನಾ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂವರೆ ಅವರು ಅಂಗಳ ಗುಡಿಸುವ ಹೊತ್ತು. ಎಲ್ಲರೂ ಗುಡಿಸಿ ಒಂದೇ ಗುಡ್ಡೆ ಮಾಡುತ್ತಾರೆ. ಚೊಕ್ಕಕ್ಕ ಅಂಚಿನಿಂದ ಒಳಕ್ಕೆ ಬರುತ್ತಾ ನಾಲ್ಕು ದಿಕ್ಕಿಗೆ ನಾಲ್ಕು ಗುಡ್ಡೆ ಮಾಡುತ್ತಾರೆ. ಒಂದೊಂದರ ಮುಂದೂ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿ ನೋಡಿ ಆಮೇಲೆ ಚೀಲಕ್ಕೆ ತುಂಬುತ್ತಾರೆ. "ಎಲ್ಲಾ ಕಲಸಿಬಿಟ್ರೆ ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ?" ಬೀಗದ ಕೈ, ಓಲೆಯ ತಿರುಪು, ಕನ್ನಡಕದ ಮೂಗುಗುಂಡಿ, ಹೀಗೆ ಸಿಕ್ಕಿದ್ದೆಲ್ಲ ಯಾವ ಗುಡ್ಡೆಯಲ್ಲಿ ಸಿಕ್ಕಿತೋ ಆ ಕಡೆ ಕೂರುವವರ ಮನೆಗೆ ಹೋಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಬೀಗದ ಕೈ ಮಾತ್ರ ಯಾರದೆಂದು ತಿಳಿಯದೆ ಅವರ ಕೋಣೆಯ ಮೊಳೆಗೆ ನೇತಾಡುತ್ತಿದೆ. ಅದರ ಬಗ್ಗೆ ಅವರಿಗೆ ಇನ್ನೂ ಸಂಕಟ.

ನಾನು ಮಾತ್ರ ಆ ಅಂಗಳ ನಮ್ಮಿಬ್ಬರದ್ದೇ ಎಂದುಕೊಂಡಿದ್ದೆ. ಸಂಜೆ ನಾಲ್ಕೂವರೆಗೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ, ಐದೂವರೆಗೆ ವಾಪಸು. ಆಗ ಅಲ್ಲಿ ಯಾರೂ ಇರುವುದಿಲ್ಲ ಎಂದೇ ಆ ಹೊತ್ತು ಆರಿಸಿಕೊಂಡದ್ದು. ಯಾರೂ ಕೆಮ್ಮುವುದಿಲ್ಲ, ಯಾರೂ ಕೆನ್ನೆ ಹಿಂಡುವುದಿಲ್ಲ. ನೆಲ ಕನ್ನಡಿಯ ಹಾಗೆ ಇರುತ್ತಿತ್ತು. ಅವಳು ಓಡಿ ಬಿದ್ದರೂ ನನಗೆ ಅಷ್ಟು ಭಯವಾಗದ ಜಾಗ ಭೂಮಿಯ ಮೇಲೆ ಅದೊಂದೇ.

ಹೀಗಿರುವಾಗ ಒಂದನೇ ಬ್ಲಾಕಿನ ಬೋರ್ಡಿನಲ್ಲಿ ನೋಟಿಸು ಬಂತು. ಅಂಗಳವನ್ನು ಕಾರು ನಿಲ್ಲಿಸಲು ಬಳಸುವ ವಿಚಾರ, ಸೋಮವಾರ ಸಂಜೆ ಸಭೆ.

ಸಂಘದ ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ತರು. ಕೆಟ್ಟವರಲ್ಲ. ರಸ್ತೆಯಲ್ಲಿ ನಿಲ್ಲಿಸಿದ ಕಾರುಗಳನ್ನು ಪೊಲೀಸರು ಎಳೆದುಕೊಂಡು ಹೋಗುತ್ತಿದ್ದರು, ಜನ ದಿನಾ ಅವರ ಬಾಗಿಲಿಗೆ ಬಂದು ಗಲಾಟೆ ಮಾಡುತ್ತಿದ್ದರು. ಅವರು ಯೋಚಿಸಿಯೇ ಒಬ್ಬ ಸರ್ವೆ ಇಂಜಿನಿಯರ್ ಹುಡುಗಿಯನ್ನು ಕರೆಸಿ ಅಂಗಳದ ಬಳಕೆ ಎಷ್ಟಿದೆ ಎಂದು ಲೆಕ್ಕ ಹಾಕಿಸಿದ್ದರು. ಅವಳು ಮೂರು ದಿನ ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಬಂದು ನೋಡಿ ಬರೆದಿದ್ದಳು.

"ಮೂರು ದಿನಕ್ಕೆ ಸೇರಿ ಆರು ಜನ, ಒಂದು ನಾಯಿ," ಎಂದು ಅಧ್ಯಕ್ಷರು ಓದಿದರು. "ನೆಲದ ಮೇಲೆ ಒಂದು ಕಾಗದದ ಚೂರೂ ಇರಲಿಲ್ಲವಂತೆ. ಜನ ಓಡಾಡಿದ ಗುರುತೇ ಇಲ್ಲ. ಹಾಗಿದ್ದ ಮೇಲೆ ಯಾಕೆ ಖಾಲಿ ಇಟ್ಕೋಬೇಕು, ಹೇಳಿ?"

ಹೇಗೋ ಎದ್ದು ನಿಂತೆ. "ಸರ್, ನನ್ನ ಮಗಳು ದಿನಾ ಅಲ್ಲೇ ಆಡ್ತಾಳೆ."

"ಒಂದು ಮಗೂಗೋಸ್ಕರ ಇಷ್ಟು ದೊಡ್ಡ ಜಾಗ ಇಟ್ಕೊಳ್ಳೋಕಾಗುತ್ತೇನಮ್ಮ?" ದನಿಯಲ್ಲಿ ಕನಿಕರವೇ ಇತ್ತು. ನಾನು ಕೂತೆ. ಸಭೆಯಲ್ಲಿದ್ದ ಬೇರೆ ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಸೋಮವಾರ ಹತ್ತು ಗಂಟೆಗೆ ಕೊನೆಯ ಅಳತೆ ಎಂದು ತೀರ್ಮಾನವಾಯಿತು. ಹಿಂದೆ ಬಾಗಿಲ ಬಳಿ ಚೊಕ್ಕಕ್ಕ ನಿಂತಿದ್ದರು. ಆರು ಜನ ಒಂದು ನಾಯಿ ಎಂದಾಗ ಅವರ ಮುಖ ನೋಡಿದ್ದೆ. ಯಾರೋ ಅವರಿಗೇ ಬೈದ ಹಾಗಿತ್ತು.

ಮಾರನೆಯ ದಿನ, ಮಂಗಳವಾರ, ಅಂಗಳ ಗುಡಿಸಿರಲಿಲ್ಲ.

ಹುಷಾರಿಲ್ಲವೇನೋ ಎಂದುಕೊಂಡೆ. ಆದರೆ ನಮ್ಮ ಬ್ಲಾಕಿನ ಮೆಟ್ಟಿಲು ಎಂದಿನ ಹಾಗೆ ಹೊಳೆಯುತ್ತಿದ್ದವು. ಬುಧವಾರ ಸಂಜೆ ಹೋಗಿ ನೋಡಿದರೆ ಸಿಪ್ಪೆ, ದಾರ, ಕಾಗದ. ಮಗಳು ಏನನ್ನೋ ಎತ್ತಿ ಬಾಯಿಗಿಟ್ಟುಕೊಂಡಳು. ಬೆರಳು ಹಾಕಿ ತೆಗೆದೆ. ಅವಳು ಕಚ್ಚಿದಳು. ನನಗೆ ತಲೆ ಕೆಟ್ಟಿತು. ಮೆಟ್ಟಿಲ ಬಳಿ ಚೊಕ್ಕಕ್ಕ ಸಿಕ್ಕರು.

"ಅಂಗಳ ಯಾಕಕ್ಕಾ ಗುಡಿಸಿಲ್ಲ?"

"ಸೋಮವಾರದವರೆಗೆ ಆ ಕಡೆ ಮುಟ್ಟಲ್ಲ," ಎಂದು ಹೇಳಿ ಸರಸರನೆ ಹೋಗಿಬಿಟ್ಟರು.

ಮುಷ್ಕರ ಮಾಡುತ್ತಿದ್ದಾರೆ ಎಂದುಕೊಂಡೆ. ತಡೆದು ಇನ್ನೊಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನೆಟ್ಟಗೆ ಆಫೀಸಿಗೆ ಹೋಗಿ ದೂರಿನ ಪುಸ್ತಕದಲ್ಲಿ ಉದ್ದಕ್ಕೆ ಬರೆದೆ: ಮಕ್ಕಳು ಆಡುವ ಜಾಗ, ಎರಡು ದಿನದಿಂದ ಹೊಲಸು, ಕೂಡಲೇ ಕ್ರಮ ಕೈಗೊಳ್ಳಬೇಕು. ಹೆಸರು, ಮನೆ ನಂಬರು, ಸಹಿ.

ಗುರುವಾರ ಬೆಳಿಗ್ಗೆ ಕೆಳಗಿನಿಂದ ಗಲಾಟೆ ಕೇಳಿಸಿತು. ಕರ್ಟನ್ ಸರಿಸಿ ನೋಡಿದೆ. ಕ್ಲೀನಿಂಗ್ ಕಾಂಟ್ರಾಕ್ಟಿನ ಸೂಪರ್‌ವೈಸರ್ ಅಂಗಳದ ಅಂಚಿನಲ್ಲಿ ನಿಂತು ಕೂಗುತ್ತಿದ್ದ. "ಪುಸ್ತಕದಲ್ಲಿ ದೂರು ಬಂದಿದೆ! ನಾಳೆ ಹನ್ನೊಂದು ಗಂಟೆ ಒಳಗೆ ಗುಡಿಸಿರಬೇಕು. ಆಗಲ್ಲ ಅಂದ್ರೆ ಪೊರಕೆ ಇಟ್ಟು ನಡಿ!" ಎದುರು ಬಾಲ್ಕನಿಯಿಂದ ಯಾರೋ ಕೀಟಲೆ ಮಾಡಿದರು: "ಹೆಸರು ಬದಲಾಯಿಸ್ಕೊಳ್ಳಮ್ಮಾ ಇನ್ನು!" ನಕ್ಕರು. ಚೊಕ್ಕಕ್ಕ ತಲೆ ಎತ್ತಲಿಲ್ಲ.

ನಾನು ಚಪ್ಪಲಿ ಮೆಟ್ಟದೆ ಕೆಳಗಿಳಿದೆ. ಅವರ ಕೋಣೆಯ ಬಾಗಿಲು ತೆರೆದಿತ್ತು. ಅಂಗಳಕ್ಕೆ ಬೆನ್ನು ಹಾಕಿ ಕೂತು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಪೊರಕೆ ಬಿಗಿಯುತ್ತಿದ್ದರು. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದರು.

"ದೂರು ಕೊಟ್ಟಿದ್ದು ನಾನೇ ಅಕ್ಕ."

"ಗೊತ್ತು. ನೂರ ನಲವತ್ತನಾಲ್ಕು ಮನೇಲಿ ಇನ್ಯಾರು ಅಷ್ಟುದ್ದ ಬರೀತಾರೆ?"

ನನಗೆ ಅಳುವೇ ಬಂತು. ಅವರು ಪೊರಕೆ ಪಕ್ಕಕ್ಕಿಟ್ಟರು.

"ನೋಡಿ ಅಮ್ಮ. ಆ ಹುಡುಗಿ ಬಂದು ನೋಡಿದ್ದು ಹನ್ನೊಂದಕ್ಕೆ. ನಾನು ಹತ್ತೂವರೆಗೇ ಎಲ್ಲಾ ಗುಡಿಸಿ ಮುಗಿಸಿರ್ತೀನಿ. ಅಲ್ಲಿ ಯಾರಿದ್ರು, ಎಷ್ಟು ಹೊತ್ತು ಇದ್ರು ಅನ್ನೋ ಗುರುತೆಲ್ಲ ನನ್ನ ಚೀಲದೊಳಗೆ ಹೋಗಿರುತ್ತೆ. ಯಾರೂ ಇಲ್ಲ ಅಂತ ಅವಳು ಬರೆದದ್ದು ಸುಳ್ಳಲ್ಲ. ಯಾರೂ ಇಲ್ಲದ ಹಾಗೆ ಮಾಡಿದ್ದು ನಾನೇ. ನಾನು ಚೊಕ್ಕ ಮಾಡಿದ್ದಕ್ಕೇ ಅಂಗಳ ಹೋಗುತ್ತೆ ಅಂದ್ರೆ..." ಪಕ್ಕಕ್ಕಿಟ್ಟ ಪೊರಕೆಯನ್ನು ಮತ್ತೆ ಎತ್ತಿಕೊಂಡು ಹೇಳಿದರು, "ಆರು ದಿನ ಬಿಟ್ರೆ ಅದೇ ಮಾತಾಡುತ್ತೆ."

ಹತ್ತೊಂಬತ್ತು ವರ್ಷದಲ್ಲಿ ಆ ಅಂಗಳ ಪೊರಕೆ ಕಾಣದ್ದು ಮೂರೇ ದಿನ. ಮಗಳ ಮದುವೆಯಂದು, ಮತ್ತು ತಮಗೆ ವಿಪರೀತ ಜ್ವರ ಬಂದ ಎರಡು ದಿನ. ಈಗ ತಾವಾಗಿ ಬಿಟ್ಟಿದ್ದರು. ನೋಡಲಾಗದೆ ಮೆಟ್ಟಿಲ ಕೆಲಸಕ್ಕೆ ಹಿಂದಿನ ಗೋಡೆ ಬಳಸಿಕೊಂಡು ಹೋಗುತ್ತಿದ್ದರಂತೆ.

ದೂರನ್ನು ಹೊಡೆದುಹಾಕಲು ಆಫೀಸಿಗೆ ಓಡಿದೆ. ಬರೆದದ್ದನ್ನು ಅಳಿಸುವ ಹಾಗಿಲ್ಲ ಎಂದರು. ಹಾಗಾದರೆ ಅದರ ಕೆಳಗೇ ಬರೆಯುತ್ತೇನೆ ಎಂದೆ: ಮೇಲಿನ ದೂರು ಕೊಟ್ಟವಳು ನಾನೇ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಅಂಗಳವನ್ನು ಗುಡಿಸಬಾರದೆಂದು ಕೋರುತ್ತೇನೆ. ಬರೆದ ಮೇಲೆ ಒಂದೇ ಸಹಿ ಬಡವಾಗಿ ಕಂಡಿತು. ಪುಸ್ತಕ ನಾಳೆ ಹನ್ನೊಂದರೊಳಗೆ ತಂದುಕೊಡುತ್ತೇನೆಂದು ಕೇಳಿ ಈಸಿಕೊಂಡೆ.

ಆವತ್ತು ಐದೂವರೆಗೆ ನಾನು ಮನೆಗೆ ಹೋಗಲಿಲ್ಲ. ಮಗಳನ್ನು ಎತ್ತಿಕೊಂಡು ಕಾದೆ. ಆರು ಗಂಟೆಗೆ ಐದನೇ ಬ್ಲಾಕಿನ ಹೆಂಗಸರು ಬಂದರು. ಏಳೆಂಟು ಜನ, ದೂರದೇಶದಿಂದ ಬಂದವರು, ನಮ್ಮ ಮಾತು ಅರ್ಧಂಬರ್ಧ. ಗೋಡೆ ಬದಿಗೆ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಾ ಹರಟುತ್ತಾರೆ. ಮಗಳು ಕೈ ಚಾಚಿದಳು. ಬೇಡ, ಗಂಟಲಿಗೆ ಸಿಕ್ಕೀತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬಾಕೆ ಬೀಜ ಸುಲಿದು, ಉಗುರಿನಿಂದ ಪುಡಿ ಮಾಡಿ ಅವಳ ಅಂಗೈಗೆ ಇಟ್ಟಳು. ನನ್ನನ್ನು ನೋಡಿ ಗಂಟಲು ಮುಟ್ಟಿಕೊಂಡು ತಲೆಯಾಡಿಸಿದಳು. ಪುಸ್ತಕ ಮುಂದೆ ಹಿಡಿದು, ಅಂಗಳ ತೋರಿಸಿ, ಕಾರು ಓಡಿಸುವ ಹಾಗೆ ಕೈ ಆಡಿಸಿ ಹೇಳಿದೆ. ಅರ್ಥವಾದದ್ದೇ ತಡ, ಪೆನ್ನಿಗೆ ಜಗಳ ಬಿತ್ತು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿದ ಆರನೇ ಬ್ಲಾಕಿನ ಹುಡುಗಿಯರು ಸಿಕ್ಕರು. ಒಂದೇ ಕೋಣೆಯಲ್ಲಿ ಎಂಟು ಜನ. ಮಲಗಿದವರು ಏಳುವವರೆಗೆ ಅಂಗಳದ ಮರದ ಕೆಳಗೆ ಚಹಾ ಕುಡಿದು ಕಾಯುತ್ತಾರೆ. ಒಬ್ಬಳು ನನ್ನನ್ನೇ ನೋಡಿ, "ನೀವು ನಾಲ್ಕನೇ ಮಹಡಿಯಿಂದ ಕರ್ಟನ್ ಸರಿಸಿ ಇಣುಕೋರಲ್ವಾ?" ಎಂದಳು. ಉಳಿದವರು ಕಿಸಕ್ಕೆಂದರು. ಮರದ ಕೆಳಗಿನ ಅವರು ಮೇಲಿನಿಂದ ನನಗೆ ಕಂಡೇ ಇರಲಿಲ್ಲ. ಹೌದೆಂದು ಒಪ್ಪಿಕೊಂಡು ಸಹಿ ಹಾಕಿಸಿಕೊಂಡೆ. ಎಂಟು ಗಂಟೆಗೆ ಕಟ್ಟೆಯ ಎತ್ತರದ ಕಡೆ ಟೈಲರ್ ತಾತ. ಅಂಗಡಿ ತೆರೆಯುವ ಮೊದಲು ಬಿಸಿಲಿಗೆ ಕೂತು ಕಾಜ ಹೊಲಿಯುತ್ತಾರೆ.

"ಅಲ್ಲಮ್ಮಾ, ಇಲ್ಲಿ ಬೇರೆಯವರೂ ಬರ್ತಾರಾ? ನಾನೊಬ್ಬನೇ ಅಂತ ಸಭೇಲಿ ಸುಮ್ಮನೆ ಕೂತಿದ್ದೆನಲ್ಲ!"

"ನಾನೂ ಹಾಗೇ ಅಂದ್ಕೊಂಡಿದ್ದೆ ತಾತ."

ಹತ್ತೂವರೆಗೆ ಪುಸ್ತಕ ವಾಪಸು ಕೊಟ್ಟೆ. ದಾರಿಯಲ್ಲಿ ಸಿಕ್ಕವರದ್ದೂ ಸೇರಿ ಇಪ್ಪತ್ತೆರಡು ಸಹಿ, ನಾಲ್ಕು ಲಿಪಿ. ಸೂಪರ್‌ವೈಸರ್ ತಿರುಗಿಸಿ ಮುರುಗಿಸಿ ನೋಡಿದ. "ಗುಡಿಸ್ಬೇಡಿ ಅಂತ ದೂರು ಕೊಡೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಮೇಡಂ. ಆಯ್ತು, ಸೋಮವಾರ ಹತ್ತು ಗಂಟೆ. ಒಂದು ನಿಮಿಷ ಜಾಸ್ತಿ ಇಲ್ಲ."

ಶನಿವಾರ ಗಾಳಿ ಎದ್ದಿತು. ಇಷ್ಟು ಮಾಡಿಯೂ ಎಲ್ಲ ಹಾರಿಹೋದರೆ ಎಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯಿಂದ ನೋಡಿದರೆ ಚೊಕ್ಕಕ್ಕ ನೀರಿನ ಕ್ಯಾನು ಹಿಡಿದು ನಾಲ್ಕೂ ಕಡೆ ತೆಳ್ಳಗೆ ಚಿಮುಕಿಸುತ್ತಿದ್ದರು. ಕಸ ನೆಲಕ್ಕೆ ಕಚ್ಚಿಕೊಂಡಿತು. ತಮ್ಮ ಅಂಗಳದ ಕಸವನ್ನು ಅವರು ಕಾಯುತ್ತಿದ್ದುದನ್ನು ನೋಡಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಸೋಮವಾರ ಹತ್ತು ಗಂಟೆಗೆ ಅಧ್ಯಕ್ಷರು ಬಂದವರೇ ಮೂಗು ಮುಚ್ಚಿಕೊಂಡರು. "ಏನಿದು ಅವಸ್ಥೆ?" ಇಂಜಿನಿಯರ್ ಹುಡುಗಿ ಟೇಪು ಹಿಡಿದು ಎಲ್ಲಿ ಕಾಲಿಡಲಿ ಎಂದು ನೋಡುತ್ತಿದ್ದಳು. ಚೊಕ್ಕಕ್ಕ ಒಗೆದ ಸೀರೆಯುಟ್ಟು, ತಲೆ ಬಾಚಿಕೊಂಡು ಬಂದಿದ್ದರು. ಕೈಯಲ್ಲಿ ಪೊರಕೆ ತಲೆಕೆಳಗಾಗಿತ್ತು. ಅದರ ಹಿಡಿಯನ್ನೇ ಕೋಲಿನಂತೆ ಮುಂದೆ ಚಾಚಿದರು.

"ಸ್ವಾಮಿ, ಮೂಗು ಬಿಡಿ, ಕಣ್ಣು ಬಿಟ್ಟು ನೋಡಿ. ಏನಮ್ಮಾ, ನೀನೂ ಬರ್ಕೋ. ಮರದ ಕೆಳಗೆ ಇದಾವಲ್ಲ, ಬಸ್ ಟಿಕೆಟ್ಟು, ಕಾಗದದ ಲೋಟ. ಟಿಕೆಟ್ಟಲ್ಲಿ ಹೊತ್ತೂ ಇದೆ ಓದು, ಐದೂ ಮುಕ್ಕಾಲು. ರಾತ್ರಿಯೆಲ್ಲ ರೋಗಿಗಳನ್ನ ನೋಡ್ಕೊಂಡು ಬಂದ ಮಕ್ಕಳು. ಇಲ್ಲಿ, ದಾರದ ತುಂಡು. ಮೊದಲ ದಿನ ಬಿಳಿ, ಆಮೇಲೆ ನೀಲಿ, ನೆನ್ನೆ ಕಪ್ಪು. ತಾತ ಆರು ದಿನಾನೂ ಬಂದಿದಾರೆ, ಮೂರು ಶರ್ಟು ಮುಗಿಸಿದಾರೆ. ಆ ಗೋಡೆ ಬದಿ ಬೀಜದ ಸಿಪ್ಪೆ, ಏಳು ಗುಂಪು. ಒಂದೊಂದು ಗುಂಪು ಒಬ್ಬೊಬ್ಬರು ಕೂತ ಜಾಗ. ಬುಧವಾರ ಒಬ್ಬಳು ಬಂದಿಲ್ಲ, ಅಲ್ಲಿ ತೆಳ್ಳಗಿದೆ ನೋಡು. ಇಲ್ಲಿ ತಗ್ಗಿನ ಕಡೆ ಸೀಮೆಸುಣ್ಣ, ದ್ರಾಕ್ಷಿ ಸಿಪ್ಪೆ..." ನನ್ನ ಕಡೆ ನೋಡಿ ತುಟಿ ಬಿಗಿಹಿಡಿದರು. "ಇದು ಯಾರದ್ದು ಅಂತ ಊರಿಗೇ ಗೊತ್ತು."

ಹುಡುಗಿ ಟೇಪು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಳು, ಥೇಟ್ ಚೊಕ್ಕಕ್ಕನ ಹಾಗೆ.

ಕಟ್ಟೆಯ ಎತ್ತರದ ಕಡೆ ಹಿಂಬದಿಯಲ್ಲಿ ಒಂದಷ್ಟು ಮಿಠಾಯಿ ಕಾಗದ ಬಿದ್ದಿದ್ದವು, ಸಣ್ಣಗೆ ಮಡಚಿದವು. ಹುಡುಗಿ ಕೇಳಿದಳು, "ಇದು ಯಾರದ್ದು?" ಅಧ್ಯಕ್ಷರು ಇದ್ದಕ್ಕಿದ್ದಂತೆ ತಮ್ಮ ಶೂ ನೋಡಿಕೊಳ್ಳತೊಡಗಿದರು. ಚೊಕ್ಕಕ್ಕ ಬಗ್ಗಿ, ಆ ಕಾಗದಗಳನ್ನು ಮುಷ್ಟಿಯೊಳಗೆ ಸೇರಿಸಿ ಚೀಲಕ್ಕೆ ಹಾಕಿದರು. "ಇದು ಗಾಳಿಗೆ ಬಂದದ್ದು. ಇದನ್ನ ಬರೀಬೇಡ." ಸಕ್ಕರೆ ಕಾಯಿಲೆಯ ಅಧ್ಯಕ್ಷರು ಹೆಂಡತಿಗೆ ತಿಳಿಯದೆ ದಿನಾ ಬೆಳಿಗ್ಗೆ ಐದೂವರೆಗೆ ಅಲ್ಲಿ ಕೂತು ಎರಡು ಮಿಠಾಯಿ ತಿನ್ನುತ್ತಿದ್ದರು. ಆ ಒಂದು ಕಾಗದ ಎತ್ತಿ ಹಿಡಿದಿದ್ದರೆ ಅಧ್ಯಕ್ಷರ ಬಾಯಿ ಅಲ್ಲೇ ಮುಚ್ಚಿಸಬಹುದಿತ್ತು. ಚೊಕ್ಕಕ್ಕ ಹಿಡಿಯಲಿಲ್ಲ. (ಈ ಗುಟ್ಟು ನಾನೂ ಬರೆಯುತ್ತಿರಲಿಲ್ಲ. ಮುಂದಿನ ಸಭೆಯಲ್ಲಿ ಅಧ್ಯಕ್ಷರೇ ನಗುತ್ತಾ ಹೇಳಿಕೊಂಡರು, ಪಕ್ಕದಲ್ಲಿ ಅವರ ಹೆಂಡತಿ ನಗದೆ ಕೂತಿದ್ದರು.)

ಅಧ್ಯಕ್ಷರು ಅಂಗಳಕ್ಕೆ ಒಂದು ಸುತ್ತು ಬಂದರು. ಬಸ್ ಟಿಕೆಟ್ಟೊಂದನ್ನು ಎತ್ತಿ ಹೊತ್ತು ಓದಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಮೂವತ್ತೈದು ವರ್ಷ ಸ್ಟೇಷನ್ ನಡೆಸಿದೋನು ನಾನು. ಒಂದೇ ಪ್ಲಾಟ್‌ಫಾರಂ, ನಾಲ್ಕು ಗಾಡಿ, ಒಂದಕ್ಕೊಂದು ಡಿಕ್ಕಿ ಹೊಡೀದ ಹಾಗೆ! ಗಾಡಿ ಇಲ್ಲದ ಹೊತ್ತಲ್ಲಿ ಬಂದು ನೋಡಿ ಸ್ಟೇಷನ್ನೇ ಬೇಡ ಅಂದ್ಬಿಟ್ಟೆನಲ್ಲಮ್ಮ." ಚೊಕ್ಕಕ್ಕನ ಕಡೆ ತಿರುಗಿದರು. "ಈ ಟೈಂಟೇಬಲ್ ಹಾಕಿದ್ದು ಯಾರು?"

"ಯಾರೂ ಇಲ್ಲ ಸ್ವಾಮಿ. ಅವರವರೇ. ನಾನು ಓದಿದೆ ಅಷ್ಟೆ."

ಹುಡುಗಿ ಎದ್ದು ನಿಂತಳು. "ಸರ್, ಬಳಕೆ ಇಲ್ಲ ಅಂತ ಇನ್ನು ನನ್ನ ಕೈಲಿ ಬರೆಯೋಕಾಗಲ್ಲ. ಮೊದಲನೇ ಸಲ ತಪ್ಪು ಹೊತ್ತಿಗೆ ಬಂದೆ. ಹಿಂದಿನ ಗೋಡೆ ಉದ್ದಕ್ಕೆ ಕಾರು ಓರೆಯಾಗಿ ನಿಲ್ಲಿಸಿದ್ರೆ ಎಷ್ಟು ಹಿಡಿಯುತ್ತೆ ಅಂತ ಅಳೀತೀನಿ."

ಅಳೆದಳು. ಎಲ್ಲವೂ ಹಿಡಿಯಲಿಲ್ಲ, ಹತ್ತು ಹನ್ನೆರಡು ಕಾರು ಇನ್ನೂ ರಸ್ತೆಯಲ್ಲೇ ನಿಲ್ಲುತ್ತವೆ, ಅವುಗಳ ಮಾಲೀಕರು ಇನ್ನೂ ಅಧ್ಯಕ್ಷರ ಬಾಗಿಲಲ್ಲಿ ಗೊಣಗುತ್ತಾರೆ. ಆದರೆ ಅಂಗಳಕ್ಕೆ ಚಕ್ರ ಬರಲಿಲ್ಲ.

ಎಲ್ಲರೂ ಹೋಗುವುದನ್ನೇ ಚೊಕ್ಕಕ್ಕ ಕಾಯುತ್ತಿದ್ದರು. ಪೊರಕೆ ನೆಟ್ಟಗೆ ಹಿಡಿದವರು ಅಂಚಿನಿಂದ ಒಳಕ್ಕೆ, ನಾಲ್ಕು ಗುಡ್ಡೆ, ಒಂದೇ ಉಸಿರಿಗೆ ಎನ್ನುವ ಹಾಗೆ ಗುಡಿಸಿದರು. ಬಾಲ್ಕನಿಗಳಲ್ಲಿ ಜನ ನಿಂತಿದ್ದರು, ಹೆಸರು ಬದಲಾಯಿಸಿಕೋ ಎಂದವರೂ ಇದ್ದರು. ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿ ಆರೂ ಬ್ಲಾಕುಗಳನ್ನು ಒಮ್ಮೆ ನೋಡಿದರು. "ಚೊಕ್ಕ ಆಯ್ತು." ಆವತ್ತು ಸ್ವಲ್ಪ ಜೋರಾಗಿಯೇ ಹೇಳಿದರು.

ಎರಡು ವಾರದ ಮೇಲೆ ಒಂದನೇ ಬ್ಲಾಕಿನ ಬೋರ್ಡಿನಲ್ಲಿ ಅಂಗಳದ ನಕ್ಷೆ ಬಂತು. ಯಾವ ಹೊತ್ತಿಗೆ ಯಾರು ಎಲ್ಲಿ ಎಂದು ನಾಲ್ಕು ಬಣ್ಣದಲ್ಲಿ ತುಂಬಿಸಿ, ನಾಲ್ಕು ಲಿಪಿಯಲ್ಲಿ ಬರೆದಿದ್ದರು. ಮೂಲೆಯಲ್ಲಿ, ಮಾಹಿತಿ ಕೊಟ್ಟವರು ಎಂಬ ಸಾಲಿನ ಮುಂದೆ ಖಾಲಿ ಬಿಟ್ಟು ಹುಡುಗಿ ಚೊಕ್ಕಕ್ಕನನ್ನು ಕರೆದಿದ್ದಳು. ನಾನೂ ಅಲ್ಲಿದ್ದೆ. "ಏನಂತ ಬರೀಲಿ ಅಕ್ಕ?"

"ಗುಡಿಸುವವರು ಅಂತ ಬರಿ. ಅಷ್ಟು ಸಾಕು."

ಹುಡುಗಿ ಬರೆಯುವಾಗ ಚೊಕ್ಕಕ್ಕ ಅಕ್ಷರದ ಮೇಲೇ ಕಣ್ಣಿಟ್ಟಿದ್ದರು. ಅವರನ್ನು ಬಲ್ಲವಳು ನಾನು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ನಮ್ಮ ಮನೆಗೆ ಯಾರೇ ಬರಲಿ, ಮೊದಲು ಆ ಬೋರ್ಡಿನ ಮುಂದೆ ನಿಲ್ಲಿಸಿ ಆ ಮೂಲೆ ತೋರಿಸಿಯೇ ಮೇಲೆ ಕರೆತರುತ್ತೇನೆ. ನಮ್ಮ ಮನೆಯವರಿಗೆ ಅದು ಬಾಯಿಪಾಠವಾಗಿಹೋಗಿದೆ.

ನಾವೀಗ ಆರೂವರೆಯವರೆಗೂ ಕೆಳಗೇ ಇರುತ್ತೇವೆ. ಬೀಜ ಬಿಡಿಸುವವರ ಮಧ್ಯೆ ನನ್ನ ಮಗಳಿಗೊಂದು ಜಾಗವಾಗಿದೆ. ಕೆನ್ನೆ ಹಿಂಡುತ್ತಾರೆ. ಕೆಮ್ಮುತ್ತಾರೆ ಕೂಡ.

ಮೊನ್ನೆ ಬೆಳಿಗ್ಗೆ ಮತ್ತೆ ಬಾಗಿಲು ತಟ್ಟಿದ ಸದ್ದು. ಸರಪಳಿ ಹಾಕಿರಲಿಲ್ಲ, ಪೂರ್ತಿ ತೆರೆದೆ. ಚೊಕ್ಕಕ್ಕ ಕಳವಳದ ಮುಖ ಹೊತ್ತು ನಿಂತಿದ್ದರು.

"ಮಗೂಗೆ ಹುಷಾರಿಲ್ವಾ ಅಮ್ಮ? ಮೂರು ದಿನ ಆಯ್ತು, ಗುಡ್ಡೇಲೂ ಇಲ್ಲ, ಬುಟ್ಟೀಲೂ ಇಲ್ಲ, ದ್ರಾಕ್ಷಿ ಸಿಪ್ಪೆ."

"ಚೆನ್ನಾಗಿದಾಳೆ ಅಕ್ಕ. ಈಗ ಸಿಪ್ಪೆ ಸಮೇತ ತಿಂತಾಳೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಉದ್ದಕ್ಕೆ ಸೀಳಿ ಕೊಡ್ತೀನಿ, ಅದನ್ನ ಮಾತ್ರ ಬಿಟ್ಟಿಲ್ಲ," ಎಂದೆ.

"ಅದು ಬಿಡಬೇಡಿ," ಎಂದು ಹೇಳಿ, ಬುಟ್ಟಿ ಎತ್ತಿಕೊಂಡು ಕೆಳಗಿಳಿದರು.